ಚಾಚಿದ ಕೈಯ ತಾಕತ್ತು

ಹುಮನಾಬಾದಿನ ಹತ್ತಿರ ನಾವು ಗೋದಾಮು ಕಟ್ಟುತ್ತಿದ್ದಾಗ, ಇಟ್ಟಿಗೆ ಮೇಲಕ್ಕೇರಿಸಲು ಉದ್ದುದ್ದ ಚಾಚುವ ಕಬ್ಬಿಣದ ತೋಳಿನ ಯಂತ್ರವೊಂದು ಬಂತು. ಅದರ ಡ್ರೈವರ್ ದಿನಾ ಕೆಲಸಕ್ಕೆ ಮೊದಲು ತುಂಬಿದ ತಂಬಿಗೆಯನ್ನು ಎದೆಗೊತ್ತಿ ಹಿಡಿದು, ಆಮೇಲೆ ಕೈ ಚಾಚಿ ತೋರಿಸುತ್ತಿದ್ದ. “ಕೈ ಚಾಚಿದಷ್ಟು ತಾಕತ್ತು ಕಮ್ಮಿ ನೋಡ್ರಿ.” ಅಷ್ಟು ದೊಡ್ಡ ಯಂತ್ರಕ್ಕೂ ಹಾಗೇಕೆ? ನನಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಇಟ್ಟಿಗೆ ಹೊತ್ತ ತೋಳು ಪೂರಾ ಚಾಚಿದಾಗ ಹಿಂದಿನ ಗಾಲಿಗಳು ನೆಲ ಬಿಟ್ಟವು. ಎತ್ತಿನ ಬಂಡಿಯ ಮುಂದಿನ ಮರ, ಮೂಕಿ, ಮೇಲೆದ್ದರೆ ಅದರ ಮೇಲೆ ಹತ್ತಿ ಕೂರುವ ನಾವು, ಯಂತ್ರದ ಹಿಂಭಾಗ ಹತ್ತಲು ಓಡಿದೆವು.

“ಹತ್ತಬ್ಯಾಡ್ರಿ! ದೂರ ಸರೀರಿ!” ಎಂದು ಕೂಗಿ, ಆತ ತೋಳನ್ನು ನಿಧಾನವಾಗಿ ಒಳಗೆಳೆದ. ಭಾರ ಅಷ್ಟೇ ಇತ್ತು, ಆದರೂ ಗಾಲಿಗಳು ನೆಲಕ್ಕೆ ಬಂದವು. ಹೇಗೆಂದು ಇವತ್ತಿಗೂ ನನಗೆ ಗೊಂದಲವೇ.

“ನೀವ್ಯಾಕ ಕೆಳಗ ಜಿಗೀಲಿಲ್ರಿ?” ಎಂದೆ.

“ನಾ ಜಿಗಿದ್ರ ಅದರ ಕೈ ಯಾರ್ ಒಳಗ ಎಳೀಬೇಕ್ರಿ?” ಎನ್ನುತ್ತ ಆತ ಕುಡಿಯಲು ತಂಬಿಗೆಯನ್ನು ಬಾಯಿಗೆತ್ತಿದ. ನೀರೆಲ್ಲ ಅಂಗಿಯ ಮೇಲೆ ಚೆಲ್ಲಿತು.