ಅತ್ತೆಯ ಬೆರಳು, ಮೌಶಿಯ ಕೋಳಿ

ನಮ್ಮ ಅತ್ತೆಗೆ ಬೀಡಿ ಕಟ್ಟುವುದನ್ನು ಬಿಡಿಸಿದ್ದು ಡಾಕ್ಟರು. ಕೆಮ್ಮು ಎದೆಗೆ ಇಳಿದಿದೆ, ಇನ್ನು ಮನೆಯಲ್ಲಿ ತಂಬಾಕಿನ ಧೂಳು ಕೂಡ ಇರಬಾರದು ಎಂದು ಅವರು ಖಡಕ್ಕಾಗಿ ಹೇಳಿದರು. ನಮ್ಮ ಮನೆಯವರು ಅದೇ ಸಂಜೆ ಮೊರ, ಕತ್ತರಿ, ದಾರದ ಉಂಡೆ ಎಲ್ಲವನ್ನೂ ಅಟ್ಟಕ್ಕೆ ಹಾಕಿದರು. ಬೆರಳುಗಳನ್ನು ಅಟ್ಟಕ್ಕೆ ಹಾಕಲು ಬರುವುದಿಲ್ಲವಲ್ಲ. ಟಿವಿಯಲ್ಲಿ ಮರಾಠಿ ಧಾರಾವಾಹಿ ನೋಡುತ್ತ ಕೂತಾಗಲೂ ಅತ್ತೆಯ ಹೆಬ್ಬೆರಳು, ತೋರುಬೆರಳು ಇಲ್ಲದ ಎಲೆಯನ್ನು ಸುತ್ತುತ್ತಲೇ ಇರುತ್ತಿದ್ದವು. ಮನೆಮನೆಯಲ್ಲೂ ಬೀಡಿ ಕಟ್ಟುವ ನಮ್ಮ ನಿಪ್ಪಾಣಿಯಲ್ಲಿ ಇಂಥ ಬೆರಳು ಹೊಸದೇನಲ್ಲ, ಆದರೂ ನನಗೆ ನೋಡಲಾಗುತ್ತಿರಲಿಲ್ಲ. ಅವರು ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದರು. ಕೂಳಿಗೆ ದಂಡವಾದೆ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದರು.

ಅವರ ಜೊತೆ ಒಂದೇ ಕಟ್ಟೆಯ ಮೇಲೆ ಕೂತು ಬೀಡಿ ಕಟ್ಟಿದ ಗೆಳತಿಯೊಬ್ಬರು ಹಿಂದಿನ ಓಣಿಯಲ್ಲಿದ್ದರು. ಊರಿಗೆಲ್ಲ ಅವರು ಮೌಶಿ, ಅಂದರೆ ಚಿಕ್ಕಮ್ಮ. ಒಂದು ಶ್ರಾವಣದ ಬೆಳಿಗ್ಗೆ ಕಂಕುಳಲ್ಲಿ ಕೆಂಪು ಹ್ಯಾಟಿ ಕೋಳಿಯೊಂದನ್ನು ಅವುಚಿಕೊಂಡು ಬಂದರು. ಕೋಳಿ ಖುಡುಕ್ ಆಗಿದೆ, ಕಾವಿಗೆ ಕೂರಲು ಹಟ ಹಿಡಿದಿದೆ, ತಮ್ಮ ಮನೆಯಲ್ಲಿ ಜಾಗವಿಲ್ಲ, ಪಾಲಿಗೆ ಸಾಕಿರಿ ಎಂದರು. ನಮ್ಮ ಕಡೆ ಇದು ರೂಢಿ: ಕೋಳಿ, ತತ್ತಿ ಒಬ್ಬರವು, ಕಾಯುವ ಕೆಲಸ ಇನ್ನೊಬ್ಬರದು, ಎದ್ದ ಮರಿಗಳಲ್ಲಿ ಇಬ್ಬರಿಗೂ ಸರಿಪಾಲು. ಜಾಗದ ಮಾತು ನೆವ ಅಂತ ನನಗೆ ಗೊತ್ತಾಯಿತು. ಅವರ ಹಿತ್ತಿಲು ನಮ್ಮದಕ್ಕಿಂತ ದೊಡ್ಡದು.

ನಾನು ಹುಟ್ಟಿ ಬೆಳೆದದ್ದು ಚಿಕ್ಕೋಡಿ ಪೇಟೆಯಲ್ಲಿ, ಅಂಗಡಿಯ ಮೇಲಿನ ಮನೆಯಲ್ಲಿ. ಅಲ್ಲಿ ಮಣ್ಣು ಅಂದರೆ ತುಳಸಿ ಕುಂಡದಲ್ಲಿ ಇದ್ದಷ್ಟೇ. ತತ್ತಿ ಕಮ್ಮಿ ಬಿದ್ದರೆ ಕಿರಾಣಿ ಅಂಗಡಿಯಿಂದ ತಂದು ಸೇರಿಸೋಣವೇ ಎಂದು ಕೇಳಿದ್ದಕ್ಕೆ ಮೌಶಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಹುಂಜವಿಲ್ಲದೆ ಇಟ್ಟ ಆ ತತ್ತಿಗಳ ಮೇಲೆ ಆನೆ ಕೂತರೂ ಮರಿ ಆಗುವುದಿಲ್ಲವಂತೆ. ಬಹಳ ದಿನಗಳ ಮೇಲೆ ಅತ್ತೆಯೂ ನಕ್ಕರು. ಮರುದಿನ ಅಕ್ಕೋಳದ ನಮ್ಮ ಶಾಲೆಯಲ್ಲಿ ಪಾಠ ಮಾಡುವಾಗಲೂ ಆ ನಗು ನೆನಪಾಗಿ ನನಗೆ ಖುಷಿಯಾಯಿತು.

ಬುಟ್ಟಿಗೆ ಹುಲ್ಲು ಹಾಸಿ ಮೌಶಿ ಕೊಟ್ಟ ಹನ್ನೊಂದು ತತ್ತಿ ಇಟ್ಟೆವು. ಗುಡುಗಿಗೆ ತತ್ತಿ ಕೆಡಬಾರದೆಂದು ಅತ್ತೆ ಒಂದು ಕಬ್ಬಿಣದ ಮೊಳೆ, ಒಂದು ಇದ್ದಿಲು ಸೇರಿಸಿದರು. ಆಮೇಲೆ ಶುರುವಾಯಿತು ನಮ್ಮ ಕೋಳಿಸೇವೆ. ಹಿತ್ತಿಲಲ್ಲಿ ಬೆಕ್ಕು ಸುಳಿದರೆ ನಾನು ಪೊರಕೆ ಹಿಡಿದು ಓಡುತ್ತಿದ್ದೆ. ಮುಂಗುಸಿಯ ಹೆದರಿಕೆಗೆ ನಮ್ಮ ಮನೆಯವರು ಕೆಟ್ಟುಹೋದ ಕೂಲರಿನ ಜಾಲರಿ ಬಿಚ್ಚಿ ಬುಟ್ಟಿ ಇಟ್ಟ ಗೂಡಿಗೆ ಬಾಗಿಲು ಮಾಡಿದರು. ಆ ಬಾಗಿಲು ಕೋಳಿಗೆ ಬಿಟ್ಟು ಉಳಿದ ಎಲ್ಲರಿಗೂ ಸಲೀಸಾಗಿ ತೆರೆಯುತ್ತಿತ್ತು. ಅತ್ತೆ ಮಾತ್ರ ನೆಮ್ಮದಿಯಾಗಿ ಬುಟ್ಟಿಯ ಪಕ್ಕ ಕೂತು, ಅಂಗೈಯಲ್ಲಿ ಜೋಳದ ನುಚ್ಚು ಹಿಡಿದು, ಕೋಳಿಯ ಜೊತೆ ಮರಾಠಿಯಲ್ಲಿ ಸುಖದುಃಖ ಮಾತಾಡುತ್ತಿದ್ದರು. ನನ್ನ ಜೊತೆ ಅಷ್ಟು ಮಾತಾಡಿದ್ದಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಆದರೂ ಈ ಮರಿಗಳು ಎದ್ದರೆ ನಮ್ಮ ಅತ್ತೆಯೂ ಎದ್ದ ಹಾಗೆ ಎಂದು ನನಗೆ ಒಳಗೇ ಅನ್ನಿಸುತ್ತಿತ್ತು.

ಮರಿ ಏಳಲು ಇನ್ನು ಕೆಲವೇ ದಿನ ಉಳಿದಿದ್ದಾಗ ಒಂದು ಮಧ್ಯಾಹ್ನ, ಮಳೆ ಜಿಟಿಜಿಟಿ ಹಿಡಿದಿತ್ತು, ಶಾಲೆಯಿಂದ ಬಂದು ನೋಡಿದರೆ ಜಾಲರಿ ಬಾಗಿಲು ತೆರೆದಿದೆ, ಕೋಳಿ ಹಿತ್ತಿಲ ಗೋಡೆಯ ಮೇಲೆ ಕೂತಿದೆ. ಮೈ ಕೊಡವುತ್ತಿದೆ, ತಲೆ ಝಾಡಿಸುತ್ತಿದೆ. ಬುಟ್ಟಿಗೆ ಕೈ ಹಾಕಿದೆ. ತತ್ತಿಗಳು ತಣ್ಣಗಿದ್ದವು. ಹುಲ್ಲಿನಿಂದ ಘಾಟು ಎದ್ದು ನನಗೇ ಸೀನು ಬಂತು. ಹುಲ್ಲಿನ ತುಂಬ ತಂಬಾಕಿನ ಪುಡಿ.

ಕೋಳಿಗೆ ಹೇನಾದರೆ ಬೂದಿಯಲ್ಲಿ ಚಿಟಿಕೆ ತಂಬಾಕು ಬೆರೆಸಿ ಹಾಕುವುದು ಬೀಡಿ ಕಟ್ಟುವವರ ಮನೆಗಳಲ್ಲಿ ಎಲ್ಲರೂ ಮಾಡುವ ಕೆಲಸ. ಆದರೆ ಜೀವಮಾನವೆಲ್ಲ ಆ ಘಾಟಿನಲ್ಲೇ ಉಸಿರಾಡಿದ ನಮ್ಮ ಅತ್ತೆಗೆ ಅದು ಘಾಟು ಅನ್ನಿಸುತ್ತಲೇ ಇರಲಿಲ್ಲ. ಬೂದಿ ಬೆರೆಸದೆ ಮುಷ್ಟಿಗಟ್ಟಲೆ ಉದುರಿಸಿದ್ದರು.

ಮನೆಯಲ್ಲಿ ತಂಬಾಕು ಎಲ್ಲಿಂದ ಬಂತು ಎಂದು ನಾನು ಕೇಳುವ ಮೊದಲೇ ಅವರೇ ಒಳಗೆ ಹೋಗಿ, ಜೋಳದ ಡ್ರಮ್ಮಿನ ಹಿಂದಿನಿಂದ ಒಂದು ತಗಡಿನ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಖಾಲಿಯಾಗಿತ್ತು.

"ಸೇದಾಕಲ್ಲ ಯವ್ವಾ, ಬರೇ ವಾಸನಿ ನೋಡಾಕ ಇಟ್ಕೊಂಡಿದ್ನಿ. ಒಗ್ಯಾಕ ಮನಸ ಬರ್ಲಿಲ್ಲ," ಎಂದರು. ಡಬ್ಬಿಯ ಮುಚ್ಚಳ ಹಾಕುತ್ತ, "ಹೇನು ಕಡ್ಯಾಕತ್ತಿದ್ವು, ಪಾಪ ಅಂತ ಹಾಕೀನಿ. ಜೀವ ತುಂಬಿದ್ದ ತತ್ತಿ ನನ್ನ ಕೈಲೇ ಹೋದ್ವು."

ತಮ್ಮ ಪಾಲಿಗೆ ಉಳಿದಿದ್ದ ಕೊನೆಯ ತಂಬಾಕನ್ನು ಅವರು ಕೋಳಿಗೆ ಕೊಟ್ಟಿದ್ದರು. ಅನ್ನಕ್ಕೆ ಕರೆದರೆ ಬರಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನನಗೆ ತತ್ತಿಗಿಂತ ಹೆಚ್ಚು ಅವರದೇ ಚಿಂತೆಯಾಯಿತು. ಕೊಡೆ ಕೂಡ ಹಿಡಿಯದೆ ಮೌಶಿಯ ಮನೆಗೆ ಓಡಿದೆ.

ಮೌಶಿ ಬಂದವರೇ ಹುಲ್ಲು ಬದಲಿಸಿದರು, ಕೋಳಿಯ ಎದೆಗೆ ಬೂದಿ ತಿಕ್ಕಿದರು, ನನಗೆ ಉಗುರುಬೆಚ್ಚಗಿನ ನೀರು ತರಲು ಹೇಳಿದರು. ದಿನ ತುಂಬಿದ ತತ್ತಿಯನ್ನು ಬೆಚ್ಚನೆಯ ನೀರಿನಲ್ಲಿ ತೇಲಬಿಟ್ಟರೆ, ಒಳಗೆ ಜೀವವಿದ್ದರೆ ಅದು ಅಲುಗಾಡುತ್ತದಂತೆ. ಆಮೇಲೆ ನಮ್ಮ ಅತ್ತೆಯನ್ನು ರಟ್ಟೆ ಹಿಡಿದು ಎಬ್ಬಿಸಿ ಬುಟ್ಟಿಯ ಮುಂದೆ ಕೂರಿಸಿದರು. ತತ್ತಿ ಬಿಡುವ ಕೆಲಸ ನಿನ್ನದೇ ಎಂದರು.

ಅತ್ತೆ ಮೊದಲನೆಯದನ್ನು ಬಿಟ್ಟರು. ಅದು ಸುಮ್ಮನೆ ತೇಲಿತು. ಎರಡನೆಯದೂ ಸುಮ್ಮನೆ. ಅತ್ತೆ ಕಣ್ಣು ಮುಚ್ಚಿಕೊಂಡು ಮೂರನೆಯದನ್ನು ಬಿಟ್ಟರು. ನೀರು ನಿಂತಿತು. ಆಗ ತತ್ತಿ ಒಮ್ಮೆ, ಒಳಗೆ ಮಲಗಿದವರು ಮಗ್ಗುಲು ಬದಲಿಸಿದ ಹಾಗೆ, ಮೆಲ್ಲಗೆ ಹೊರಳಿತು. ಸುತ್ತ ಸಣ್ಣ ಅಲೆ ಎದ್ದಿತು.

"ಕಣ್ಣ ತಗೀ ಬೇ," ಎಂದರು ಮೌಶಿ. "ನಿನ್ನ ಮೊಮ್ಮಗಾ ಈಜಾಕತ್ತಾನ."

ನಾನು ನಗಲು ಹೋಗಿ ಅತ್ತುಬಿಟ್ಟೆ. ಆರು ತತ್ತಿ ಅಲುಗಾಡಿದವು. ಒಂದೊಂದನ್ನೂ ಅತ್ತೆ ಸೆರಗಿನಲ್ಲಿ ಒರೆಸಿ, ಹೊಸ ಹುಲ್ಲಿನ ಮೇಲೆ ಇಟ್ಟರು. ಸಂಜೆಯ ಹೊತ್ತಿಗೆ ಕೋಳಿ ಗೊಣಗುತ್ತ ಬಂದು, ನಮಗೆ ದೊಡ್ಡ ಉಪಕಾರ ಮಾಡಿದ ಗತ್ತಿನಲ್ಲಿ ಮತ್ತೆ ಕೂತಿತು. ಆಮೇಲೆಯೇ ಅತ್ತೆ ಎರಡು ರೊಟ್ಟಿ ತಿಂದದ್ದು.

ಆರಕ್ಕೆ ಆರೂ ಎದ್ದವು. ಮೌಶಿ ತಮ್ಮ ಪಾಲಿನ ಮೂರನ್ನು ಗುರುತು ಮಾಡಿದರು, ಆದರೆ ರೆಕ್ಕೆ ಬಲಿಯುವವರೆಗೆ ಇಲ್ಲೇ ಇರಲಿ ಎಂದು ಬಿಟ್ಟುಹೋದರು.

ಒಂದು ಸಂಜೆ ಅತ್ತೆ ಹಿತ್ತಿಲ ಬಾಗಿಲ ಹೊಸ್ತಿಲ ಬಳಿ ಕೂತಿದ್ದರು. ಧಾರಾವಾಹಿ ಶುರುವಾಯಿತು ಎಂದು ಕರೆದೆ. ಅವರು ತಿರುಗಲಿಲ್ಲ.

"ಇರ್ಲಿ ಬಿಡ ಯವ್ವಾ," ಎಂದು ಪಿಸುಗುಟ್ಟಿದರು. "ಮಲಗೇತಿ."

ಬಗ್ಗಿ ನೋಡಿದೆ. ಅಂಗೈಯಲ್ಲಿ ಹಳದಿ ಮರಿಯೊಂದು ಕತ್ತು ಚೆಲ್ಲಿ ನಿದ್ದೆ ಹೋಗಿತ್ತು. ಎಲ್ಲಿ ಎಚ್ಚರವಾಗುತ್ತದೋ ಎಂದು ಅತ್ತೆಯ ಹೆಬ್ಬೆರಳು ಅದರ ಬೆನ್ನ ಮೇಲೆ ಅಲುಗಾಡದೆ ಕೂತಿತ್ತು.