ಸ್ಪ್ಯಾನರಿನ ಮೇಲಿನ ಹೂವು

ಆಯುಧಪೂಜೆಯ ಮಧ್ಯಾಹ್ನ ಎಲ್ಲರೂ ಹೋಳಿಗೆ ಉಂಡು ಅಡ್ಡಾದ ಹೊತ್ತಿನಲ್ಲಿ ನಾನೊಬ್ಬಳು ಪೋರ್ಟಿಕೋದ ಮೆಟ್ಟಿಲ ಮೇಲೆ ಕೂತು, ನನ್ನದೇ ಸ್ಪ್ಯಾನರನ್ನು ಕದಿಯುವುದು ಹೇಗೆ ಅಂತ ಯೋಚಿಸುತ್ತಿದ್ದೆ.

ಕಣ್ಣೆದುರೇ ಇತ್ತು. ಮಣೆಯ ಮೇಲೆ ಸಾಲಾಗಿ ಸ್ಪ್ಯಾನರುಗಳು, ಡ್ರಿಲ್ಲು, ಸುತ್ತಿಗೆ, ಕೊನೆಗೆ ಅಡುಗೆಮನೆಯ ಈಳಿಗೆಮಣೆ. ಒಂದೊಂದಕ್ಕೂ ಮೂರು ಬೆರಳ ವಿಭೂತಿ, ಮೇಲೊಂದು ಸೇವಂತಿಗೆ. ನಮ್ಮತ್ತೆ ದಾವಣಗೆರೆ ಕಡೆಯವರು. ಮಾರನೆಯ ದಿನ, ವಿಜಯದಶಮಿಯ ಸಂಜೆ, ಗುಡಿಯ ಮರದಿಂದ ತಂದ ಬನ್ನಿ ಎಲೆ ಆಯುಧಗಳ ಮೇಲೆ ಬೀಳುವ ತನಕ ಒಂದನ್ನೂ ಕದಲಿಸಬಾರದು ಅನ್ನುವುದು ಅವರ ಮನೆಯ ಕಟ್ಟಳೆ. ನನಗೆ ಬೇಕಾಗಿದ್ದದ್ದು ಹತ್ತನೇ ನಂಬರಿನ ಸ್ಪ್ಯಾನರು, ಅದೂ ಆ ಕ್ಷಣಕ್ಕೇ.

ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆದು ನಿವೃತ್ತಿಯಾದವಳು. ಆಯಸ್ಸೆಲ್ಲ ಕಾಗದದ ಮೇಲೆ ಬೋಲ್ಟು ಬಿಗಿದಿದ್ದಾಯಿತು, ಒಂದು ಸಲ ಕೈಯಾರೆ ಬಿಗಿಯೋಣ ಅನ್ನಿಸಿ ಕಿಟ್ ಕಾರು ತರಿಸಿದೆ. ಕಿಟ್ಟಿನವರು ಕೊಡುವುದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಹೊದಿಸಲು ಹಳೇ ಕಾಲದ ಎರಡು ಸೀಟಿನ ತೆರೆದ ಕಾರಿನಂಥ ಫೈಬರ್ ಮೈ, ಅಷ್ಟೆ. ಎಂಜಿನ್ನು, ಗಾಲಿ, ಸ್ಟಿಯರಿಂಗು ಎಲ್ಲ ನಮ್ಮ ಹಳೇ ಕಾರಿನಿಂದ ಬಿಚ್ಚಿ ಕೂರಿಸಿಕೊಳ್ಳಬೇಕು. ಸರ್ಕಾರಿ ಕಾಗದಪತ್ರದ ಪುರಾಣ ಬೇರೆ ಇದೆ. ಅದನ್ನು ತೆಗೆದರೆ ಕಾರು ಪೋರ್ಟಿಕೋದಲ್ಲೇ ತುಕ್ಕು ಹಿಡಿದೀತು, ಬಿಡಿ.

ಕೂರಿಸಬೇಕು ಅಂದರೆ ಕೂತುಬಿಡುತ್ತದೆಯೇ? ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುತ್ತಿದ್ದರು ನಮ್ಮಜ್ಜಿ. ಫೈಬರಿನ ತೂತು ಇಲ್ಲಿ, ಚೌಕಟ್ಟಿನ ತೂತು ಒಂದು ಬೆರಳು ಅತ್ತ. ಬಾನೆಟ್ಟು ಬಲಕ್ಕೆ ಮುಚ್ಚಿದರೆ ಎಡಕ್ಕೆ ಬಾಯಿ ಬಿಡುತ್ತಿತ್ತು. ಎಲ್ಲಾ ಮುಗಿಯಿತು ಅಂತ ಒಳಗೆ ಕೂತರೆ ನನ್ನ ಮಂಡಿ ಸ್ಟಿಯರಿಂಗಿಗೆ ತಾಗಿತು. ಎರಡು ಸೀಟೂ ಒಂದೇ ಹಲಗೆಯ ಮೇಲಿದ್ದದ್ದರಿಂದ ಹಲಗೆಯನ್ನೇ ಇಳಿಸಿದೆ. ಸಾಲದೆ ಇನ್ನೂ ಇಳಿಸಿದೆ. ಕೊನೆಗೆ ಸೀಟು ನೆಲಕ್ಕೆ ಮುತ್ತಿಡುವ ಹಾಗಾಯಿತು. ಅನ್ನ ಕಲಸುವಾಗಲೂ ನನ್ನ ಬೆರಳು ಅಳತೆ ಹಿಡಿಯುತ್ತಿತ್ತು. ಅರ್ಧ ಊಟಕ್ಕೆ ಎದ್ದು ಹೋಗಿ ಟೇಪು ಹಿಡಿದು ಬರುತ್ತಿದ್ದೆ.

ಪ್ರತಿ ವರ್ಷ ಆಯುಧಪೂಜೆಗೆ ಎದುರುಮನೆಯವನು ಗೇಟಿಗೆ ಒರಗಿ ಕೇಳುವುದು ತಪ್ಪುತ್ತಿರಲಿಲ್ಲ. "ಏನ್ ಆಂಟಿ, ಈ ಸಲನಾದ್ರೂ ಗಾಲಿ ಇದ್ಯಾ, ಇಲ್ಲಾ ಇಟ್ಟಿಗೆಗೇ ಪೂಜೆನಾ?"

ಅದು ನಗೆಯ ಮಾತು, ಹೋಗಲಿ. ನನ್ನನ್ನು ಕೊರೆಯುತ್ತಿದ್ದದ್ದು ಅತ್ತೆಯ ಹಟ. ಅವರ ಅಕ್ಕ, ನಮಗೆಲ್ಲ ದೊಡ್ಡತ್ತೆ, ಇರುವುದು ಮೂಡಲಪಾಳ್ಯದಲ್ಲಿ. ವಿಜಯದಶಮಿಗೆ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು ಕಾಲಿಗೆರಗಬೇಕು. ದೊಡ್ಡತ್ತೆ ತಂಗಿಯ ಬನ್ನಿ ಕೈಗೆ ಬಾರದೆ ಊಟಕ್ಕೆ ಕೂರುವವರಲ್ಲ. ಮಂಡಿ ಹಿಡಿದುಕೊಂಡ ಮೇಲೆ ನಮ್ಮತ್ತೆ ಬಗ್ಗಲಾಗದೆ ಗಾಳಿಗೇ ಕೈ ಆಡಿಸಿ ಕಣ್ಣಿಗೊತ್ತಿಕೊಂಡು ಬರುತ್ತಿದ್ದರು. ಯಾವ ಗಳಿಗೆಯಲ್ಲೋ "ಮುಂದಿನ ಸರ್ತಿ ನನ್ನ ಸೊಸಿ ಕಟ್ಟಿದ ಕಾರಿನಾಗ ಬರ್ತೀನಿ" ಅಂತ ಅಕ್ಕನೆದುರು ಆಡಿಬಿಟ್ಟಿದ್ದರು. ಹೋದ ವರ್ಷ ಕಾರು ಆಗಲಿಲ್ಲ. ಆಟೋ ಕರೀತೀನಿ ಅಂದರೂ ಅತ್ತೆ ಜಗ್ಗಲಿಲ್ಲ, ಹೋಗಲೇ ಇಲ್ಲ. ಫೋನಿನಲ್ಲಿ ದೊಡ್ಡತ್ತೆ ಅಂದದ್ದು ಇಡೀ ಮನೆಗೆ ಕೇಳಿಸಿತು: "ಸೊಸಿ ಕಾರು ಬರಲಿ ಬಿಡು, ಅಲ್ಲೀತನ ಬನ್ನಿ ಒಣಗಿ ಒಲಿಗೆ ಆಗ್ತೈತಿ." ಆಮೇಲೆ ಅಕ್ಕತಂಗಿಯರು ಮಾತು ಬಿಟ್ಟರು. ಆ ಮೌನ ನನ್ನ ಕಾರಿನ ದೆಸೆಯಿಂದ. ಈ ಸಲವೂ ಹೋಗದಿದ್ದರೆ ಇಬ್ಬರೂ ಆ ವಯಸ್ಸಿನಲ್ಲಿ ಮುಂದಿನ ದಸರೆಯ ಭರವಸೆಯ ಮೇಲೆ ಇರಬೇಕಿತ್ತು.

ಕಾರು ಈ ಸಲ ಸಿದ್ಧವಾಗಿತ್ತು. ನಾನೊಬ್ಬಳೇ ಕೂತು ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಸುತ್ತಾಡಿಸಿಯೂ ಆಗಿತ್ತು. ಪೂಜೆ ಮುಗಿಯಿತು, ಕುಂಬಳಕಾಯಿ ಒಡೆದೆವು, ಫೋಟೋ ತೆಗೆಯೋಣ ಅಂತ ಅತ್ತೆಯನ್ನು ಎಡಗಡೆ ಸೀಟಿನಲ್ಲಿ ಕೂರಿಸಿದೆವು. ಕೂತರು ಅನ್ನುವುದಕ್ಕಿಂತ ಬಿದ್ದರು. ಕಾರು ಹಿಂದಕ್ಕೆ ಕುಸಿದು ಗರ್ ಅಂದಿತು. ಹಿಂದಿನ ಎಡ ಗಾಲಿಯ ಮೇಲೆ ಮಡ್‌ಗಾರ್ಡು ಕಚ್ಚಿಕೊಂಡಿತ್ತು. ನಕ್ಷೆ ಬರೆದ ಕೈ, ಖಾಲಿ ಸೀಟಿಗೇ ಅಳತೆ ಹಿಡಿದಿತ್ತು.

ಎರಡೂ ತೋಳು ಹಿಡಿದು, ಬಾವಿಯಿಂದ ಕೊಡ ಸೇದಿದ ಹಾಗೆ ನಾನೂ ಯಜಮಾನರೂ ಅತ್ತೆಯನ್ನು ಮೇಲೆತ್ತಿದೆವು.

"ಏನಾತವಾ?"

"ಏನಿಲ್ಲ ಅತ್ತೆ, ಮೂರು ಬೋಲ್ಟು ಬಿಚ್ಚಿ ಮಡ್‌ಗಾರ್ಡು ಒಂಚೂರು ಎತ್ತಬೇಕು. ಹತ್ತನೇ ನಂಬರ್ ಸ್ಪ್ಯಾನರು..."

ಅತ್ತೆ ಮಣೆಯ ಕಡೆ ನೋಡಿದರು. "ನಾಳಿ ಬನ್ನಿ ಬೀಳಲಿ" ಅಂದು ಒಳಗೆ ಹೋದರು.

ಹಾಗಾಗಿ ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಿದ್ದೆ. ಎದುರುಮನೆಯವನ ಹತ್ತಿರ ಕೇಳಿದರೆ ಅವನ ಸ್ಪ್ಯಾನರೂ ಪೂಜೆಯಲ್ಲಿ. ಇಡೀ ಬಡಾವಣೆಯಲ್ಲಿ ಬಿಡುವಾಗಿರುವ ಆಯುಧ ಒಂದೂ ಇಲ್ಲ. ಕೂತೆ, ಎದ್ದೆ, ಗಾಲಿಯ ಸಂದಿಗೆ ಬೆರಳು ಹಾಕಿ ನೋಡಿದೆ, ಮತ್ತೆ ಕೂತೆ. ಗುಡಿಯ ಬನ್ನಿ ನಾಳೆ ಸಂಜೆ ದೀಪ ಹಚ್ಚಿದ ಮೇಲೆ ಬರುತ್ತದೆ. ಆಮೇಲೆ ಬಿಚ್ಚಿ, ಎತ್ತಿ, ಬಿಗಿದು ಹೊರಡುವುದು ಯಾವಾಗ? ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನನಗೆ ನಾನೇ ಹೇಳಿಕೊಂಡೆ. ಮಾತು ಬಾಯಲ್ಲಿತ್ತು, ಕಾಲಿಗೆ ತಲುಪಲಿಲ್ಲ.

ಮಾರನೆಯ ಬೆಳಿಗ್ಗೆ ನೋಡಿದರೆ ನನ್ನ ರೋಗ ಅತ್ತೆಗೂ ಅಂಟಿದೆ. ಕೋಲೂರಿಕೊಂಡು ಪೋರ್ಟಿಕೋಗೆ ಬರುವುದು, ಮಣೆ ನೋಡುವುದು, ಗಾಲಿ ನೋಡುವುದು, ಒಳಗೆ ಹೋಗುವುದು. ಕೊನೆಗೆ ಮಗನನ್ನು ಕೂಗಿದರು.

"ಲೇ, ವಿಜಯನಗರ ಮಾರ್ಕೆಟ್ಟಿನಾಗ ಬನ್ನಿ ಮಾರ್ತಾರಲ್ಲ, ಒಂದು ಕಟ್ಟು ತಗಂಡು ಬಾ ಹೋಗು."

ಯಜಮಾನರು ಬೆರಗಾದರು. "ಅವ್ವಾ, ಮಾರ್ಕೆಟ್ ಬನ್ನಿ ಮುಟ್ಟಂಗಿಲ್ಲ ಅಂತಿದ್ದಿ! ಗುಡಿ ಮರದ್ದೇ ಆಗಬೇಕು ಅಂತ..."

"ಮಾರ್ಕೆಟ್ ಬನ್ನಿ ಏನು ಫ್ಯಾಕ್ಟರ್ಯಾಗ ಬೆಳಿತೈತೇನು? ಅದೂ ಮರದ್ದ. ಹೋಗು."

ಬನ್ನಿ ಬಂತು. ಅತ್ತೆ ಒಂದೊಂದು ಆಯುಧದ ಮೇಲೂ ಎಲೆ ಇಟ್ಟು, ಕಣ್ಣು ಮುಚ್ಚಿ ಏನೋ ಒಪ್ಪಿಸಿಕೊಂಡು, ಹತ್ತನೇ ನಂಬರಿನ ಮೇಲಿನ ಸೇವಂತಿಗೆ ತೆಗೆದು ನನ್ನ ಮುಡಿಗಿಟ್ಟು ಸ್ಪ್ಯಾನರನ್ನು ಕೈಗೆ ಕೊಟ್ಟರು. ಎತ್ತಿದ ಮಡ್‌ಗಾರ್ಡು ನಿಲ್ಲಲು ಬೋಲ್ಟಿನ ಸಂದಿಗೆ ಇಡೋಣ ಅಂತ ಹಳೇ ಹವಾಯಿ ಚಪ್ಪಲಿ ಕತ್ತರಿಸಹೋದೆ. "ಪೂಜಿ ಮಾಡಿದ ಗಾಡಿಗೆ ಕೆರ ಹಚ್ತೀಯೇನು?" ಅಂತ ಗದರಿದರು. ಅಟ್ಟದಿಂದ ಕೇರಂ ಬೋರ್ಡಿನ ಕಾಯಿಗಳನ್ನು ಇಳಿಸಿ, ನಡುವೆ ತೂತು ಕೊರೆದು, ಬೋಲ್ಟಿಗೆ ಎರಡರಂತೆ ಪೋಣಿಸಿದೆ.

"ಕೆಂಪುದು ನನ್ನ ಸೀಟಿನ ಕಡಿ ಬೋಲ್ಟಿಗೆ ಹಾಕು" ಅಂದರು ಅತ್ತೆ.

ಬಿಸಿಲು ತಗ್ಗಿದ ಮೇಲೆ ಹೊರಟೆವು. ಇಬ್ಬರಿಗೇ ಜಾಗ, ಯಜಮಾನರು ಹಿಂದೆ ಸ್ಕೂಟರಿನಲ್ಲಿ. ಮಾಗಡಿ ರಸ್ತೆ ದಾಟುವಾಗ ಪಕ್ಕದ ಬಸ್ಸಿನ ಗಾಲಿ ನಮ್ಮ ಕಿವಿಯ ಮಟ್ಟಕ್ಕೆ ಬರುತ್ತಿತ್ತು. ಬೈಕಿನ ಹುಡುಗರು "ಸೂಪರ್ ಆಂಟಿ!" ಅಂತ ಕೂಗಿದರೆ ಅತ್ತೆ ಕೈ ಬೀಸುತ್ತಿದ್ದರು. ನನಗೆ ಮಾತ್ರ ಯಾವುದೂ ಬೇಡ. ಒಂದೊಂದು ಹಂಪು ಬಂದಾಗಲೂ ಉಸಿರು ಹಿಡಿದು ಹಿಂದಿನ ಎಡಗಾಲಿಗೆ ಕಿವಿ ಕೊಡುತ್ತಿದ್ದೆ. ಗರ್ ಅನ್ನಲಿಲ್ಲ. ಆದರೂ ಮುಂದಿನ ಹಂಪು ಇತ್ತಲ್ಲ.

ಮೂಡಲಪಾಳ್ಯದ ಓಣಿಯಲ್ಲಿ ಗೇಟಿನೆದುರು ನಿಲ್ಲಿಸಿದಾಗ ಸ್ಕೂಟರು ಯಾವ ಸಿಗ್ನಲ್ಲಿನಲ್ಲಿ ಸಿಕ್ಕಿತ್ತೋ, ಬಂದಿರಲಿಲ್ಲ. ನಾನೊಬ್ಬಳೇ ಎಷ್ಟು ಎಳೆದರೂ ಅತ್ತೆ ಏಳಲಿಲ್ಲ. ಅಷ್ಟರಲ್ಲಿ ದೊಡ್ಡತ್ತೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಬಂದಿ ಏನವಾ? ಇಳಿ ಮತ್ತ!"

ಅತ್ತೆಯ ಮುಖ ಕೆಂಪಗಾಯಿತು. "ಇಳಿಯಾಕ ಬರವಲ್ದು. ಇದು ಹಂಗ ಕೂರೋ ಕಾರು. ನೀನ ಬಾ."

ಹಿರಿಯಳನ್ನು ಕರೆಯುವುದೇ? ಸೀಟು ಇಳಿಸಿದ ನನ್ನ ಕೈಗಳನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು. ದೊಡ್ಡತ್ತೆ ಸೊಂಟದ ಮೇಲಿನ ಕೈ ತೆಗೆದರು. ಆಮೇಲೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಕಾರಿನ ತೆರೆದ ಬಾಗಿಲ ಹತ್ತಿರ ಬಂದರು. ಅತ್ತೆ ಬನ್ನಿ ಕೊಟ್ಟರು. "ತಗಾ ಅಕ್ಕ, ಬಂಗಾರದಂಗ ಇರೋಣ." ಕೊಟ್ಟ ಕೈ ಹಾಗೇ ಕೆಳಗೆ ಹೋಯಿತು. ಕೂತಲ್ಲಿಂದಲೇ, ಬಗ್ಗದೆ, ಅಕ್ಕನ ಎರಡು ಪಾದವನ್ನೂ ಮುಟ್ಟಿತು. ಮುಟ್ಟಿದ ಕೈ ಬೇಗ ಮೇಲೆ ಬರಲಿಲ್ಲ.

"ಸಾಕೇಳು" ಅಂದರು ದೊಡ್ಡತ್ತೆ. ಮೂಗೊರೆಸಿಕೊಂಡು ಕಾರನ್ನು ಮುಂದಿನಿಂದ ಹಿಂದಿನ ತನಕ ನೋಡಿ ನನ್ನ ಕಡೆ ತಿರುಗಿದರು. "ಇವಳನ್ನ ಎಬ್ಬಿಸಿದ ಮ್ಯಾಲೆ ನನಗೂ ಒಂದು ಸುತ್ತು ಹಾಕಿಸ್ತೀಯೇನವಾ?"

"ಅದಕ್ಕೇನು ದೊಡ್ಡತ್ತೆ, ಹತ್ತಿ" ಅಂದೆ. ಅವರು ತಂಗಿಗಿಂತ ಒಂದೂವರೆ ಪಟ್ಟು ದಪ್ಪ. ನನ್ನ ಬೆರಳು ಆಗಲೇ ಗಾಲಿಯ ಸಂದಿಯಲ್ಲಿತ್ತು.