ಹೊಸ್ತಿಲ ಹೊರಗೆ ನಿಂತ ಅಪ್ಪ

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದರೂ ಈ ಸಂಗತಿಯನ್ನು ಸರಿಯಾಗಿ ಹೇಳಬಲ್ಲೆನೆಂಬ ಧೈರ್ಯ ನನಗಿಲ್ಲ. ನಿರೂಪಣೆಯಲ್ಲಿ ಲೋಪಗಳು ಕಂಡರೆ ಓದುಗರು ಕ್ಷಮಿಸಬೇಕು.

ಬಾಣಂತನಕ್ಕೆಂದು ನಾನು ಬಂಗಾರಪೇಟೆಯ ಪಕ್ಕದ ನಮ್ಮ ಹಳ್ಳಿಯಲ್ಲಿದ್ದೆ. ಅಪ್ಪ ಆಗ ದೂರದ ಕಡಲತೀರದಲ್ಲಿ, ಉತ್ಪಾದನೆ ನಿಲ್ಲಿಸಿದ್ದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ನೆಲ ಒರೆಸುವ ಗುತ್ತಿಗೆ ಕೆಲಸ ಮಾಡುತ್ತಿದ್ದರು. ಮೊಮ್ಮಗಳು ಹುಟ್ಟಿದ ಸುದ್ದಿ ಕೇಳಿ ರೈಲು ಹತ್ತಿ ಬಂದವರು ಹೊಸ್ತಿಲ ಹೊರಗೇ ನಿಂತರು. ಎರಡೂ ಕೈ ಮುಂದೆ ಚಾಚಿ, ಬೆರಳು ಬಿಡಿಸಿ, ಕಾಣದ ಪೆಟ್ಟಿಗೆಯೊಳಗೆ ಅಂಗೈ ಇಟ್ಟವರಂತೆ ಅಲುಗಾಡದೆ ನಿಂತರು.

“ಏನಯ್ಯಾ, ಬಿಕ್ಷಕ್ಕೆ ಬಂದೋನಂಗೆ ನಿಂತ್ಬುಟ್ಟೆ?” ಅಮ್ಮ ನಕ್ಕಳು.

“ತಡಿ. ಮಿಷಿನ್ನು ಇನ್ನೂ ಓಗು ಅಂದಿಲ್ಲ.”

ಸ್ಥಾವರದಿಂದ ಹೊರಬರುವ ಪ್ರತಿಯೊಬ್ಬರ ಕೈಕಾಲುಗಳನ್ನೂ ಯಂತ್ರವೊಂದು ಪರೀಕ್ಷಿಸಿ, ವಿಕಿರಣದ ಧೂಳು ಅಂಟಿದ್ದರೆ ಕೂಗಿ, ಏನೂ ಅಂಟಿಲ್ಲವೆಂದರೆ ಮಾತ್ರ ಬಿಡುತ್ತದಂತೆ. ನಮ್ಮ ಅಂಗಳದಲ್ಲಿ ಅಂಥದ್ದೇನೂ ಇರಲಿಲ್ಲ. ಅಪ್ಪ ಜಗಲಿಯಲ್ಲೇ ಉಂಡರು, ಜಗಲಿಯಲ್ಲೇ ಮಲಗಿದರು. ಮಗು ಅತ್ತರೆ ಕಿಟಕಿಗೆ ಬಂದು ನೋಡುವರು, ಎತ್ತಿಕೊಳ್ಳರು.

“ಪ್ಲಾಂಟು ಮುಚ್ಚೈತೆ ಅಂತಾರೆ ಕಣಮ್ಮಾ. ಆದ್ರೆ ಫ್ಯಾನು ನಿಲ್ಸಂಗಿಲ್ಲ, ದೀಪ ಆರ್ಸಂಗಿಲ್ಲ. ಒಲೆಯಾಗೆ ಉರಿದ ಕಡ್ಡಿಯೆಲ್ಲಾ ಇನ್ನೂ ಬಿಸಿಯಾಗೇ ನೀರಿನ ತಳದಾಗೆ ಐತೆ, ಕಾಯ್ತಾನೇ ಇರ್ಬೇಕು. ಸತ್ತೋರ ಮನೇಲಿ ದೀಪ ಕಾಯಲ್ವಾ, ಅಂಗೆ.”

ನಮಗೆ ಗೊತ್ತಿದ್ದ ಮುಚ್ಚುವಿಕೆ ನಮ್ಮೂರ ಹತ್ತಿರದ ಚಿನ್ನದ ಗಣಿಯದು. ಪಂಪು ನಿಂತಿತು, ನೀರು ತುಂಬಿತು, ಕತ್ತಲಾಯಿತು. ಮುಚ್ಚಿದ ಮೇಲೂ ಎಚ್ಚರವಾಗಿರುವ ಜಾಗವನ್ನು ನಾನು ಊಹಿಸಲಾರದೆ ಹೋದೆ.

“ಆ ಮಿಷಿನ್ ನಿನ್ನ ನೋಡಿ ಯಾವತ್ತಾದ್ರೂ ಕೂಗ್ಕೊಂಡಿತ್ತಾ ಅಪ್ಪಾ?”

“ಒಂದಿನಾನೂ ಇಲ್ಲ.”

“ಮತ್ತೆ ಯಾಕೆ ಭಯ?”

“ಅಲ್ಲಾದ್ರೆ ಏನೂ ಇಲ್ಲ ಅಂತ ಅದು ಅಂತಿತ್ತು. ಇಲ್ಲಿ ಯಾರಂತಾರೆ?”

ಅಂಟಿದ್ದರೆ ಅಲ್ಲೇ ತಿಳಿಯುತ್ತಿತ್ತೆಂದು, ಕಾಲೇಜಿನಲ್ಲಿ ಓದಿದ್ದನ್ನೆಲ್ಲ ನೆನೆದು ವಿವರಿಸಿದೆ. ವಿವರಿಸುತ್ತಲೇ ಮಗುವಿನ ಹೊದಿಕೆಯನ್ನು ನಾನು ನನ್ನತ್ತ ಎಳೆದುಕೊಂಡದ್ದನ್ನು ಅಪ್ಪ ನೋಡಿದರು. ಮಾರನೆಯ ಬೆಳಿಗ್ಗೆ ಚೀಲ ಕಟ್ಟಿ ಹೊರಟುನಿಂತರು.

ಅಮ್ಮ ಬಾಗಿಲಿಗೆ ಬಂದಳು. “ಚಾಚು ಕೈಯಿ,” ಎಂದಳು. ದೃಷ್ಟಿ ತೆಗೆಯುವವಳಂತೆ, ಆದರೆ ಉಪ್ಪಿಲ್ಲದೆ ಮೆಣಸಿನಕಾಯಿಯಿಲ್ಲದೆ, ತನ್ನ ಬರಿಗೈಯನ್ನು ಅಪ್ಪನ ನೆತ್ತಿಯಿಂದ ಪಾದದವರೆಗೆ ಮೈಮುಟ್ಟದೆ ಇಳಿಸಿದಳು. ಭುಜದ ಬಳಿ ಒಮ್ಮೆ ತಡೆದಳು.

“ಏನೂ ಇಲ್ಲ. ಓಗು ಒಳೀಕೆ.”

ಅಪ್ಪ ಒಳಗೆ ಬಂದು ಮಗುವನ್ನು ಎತ್ತಿಕೊಂಡರು.

ಆಮೇಲೆ ಅವರು ಆ ಕೆಲಸಕ್ಕೆ ಹೋಗಲಿಲ್ಲ. ಈಗ ಬೇತಮಂಗಲದ ತೋಟವೊಂದಕ್ಕೆ ನೀರು ಹಾಯಿಸುತ್ತಾರೆ. ಆದರೆ ದಿನವೂ ಬಾಗಿಲಲ್ಲಿ ಕೈ ಚಾಚುತ್ತಾರೆ. ನಾವು ತವರಿಗೆ ಬಂದಾಗಲೆಲ್ಲ, ಈಗ ನಡೆಯಲು ಕಲಿತ ನನ್ನ ಮಗಳೂ ಅವರನ್ನು ನೋಡಿ ಚಾಚುತ್ತಾಳೆ. ನಾನೂ ನಿಲ್ಲುತ್ತೇನೆ. ಏನೂ ಇಲ್ಲವೆಂದು ಅಮ್ಮ ಹೇಳುವವರೆಗೆ ನಮ್ಮಲ್ಲಿ ಈಗ ಯಾರೂ ಹೊಸ್ತಿಲು ದಾಟುವುದಿಲ್ಲ.